ಮಣ್ಣಿನ ಕಪ್ಪಿಗೆ ಮೂರು ವಾರ ಯಾಕೆ ಬೇಕು?

"ಅಕ್ಕಾ, ಇದನ್ನ ಈಗ್ಲೇ ಮನೆಗೆ ತಗೊಂಡು ಹೋಗ್ಬೋದಾ?"

ಎಂಟು ವರ್ಷದ ಹುಡುಗಿ. ಮೈಸೂರಿನಲ್ಲಿ ಮಣ್ಣಿನ ಪಾತ್ರೆ ಮಾಡುವ ನಮ್ಮ ಪುಟ್ಟ ಸ್ಟುಡಿಯೊಗೆ ಅಮ್ಮನ ಜೊತೆ ಬಂದಿದ್ದಳು. ಅವಳ ಕೈ ಮೇಲೆ ನನ್ನ ಕೈ ಇಟ್ಟು, ಇಬ್ಬರೂ ಸೇರಿ ವೀಲ್, ಅಂದರೆ ಕುಂಬಾರರ ಚಕ್ರದ ಮೇಲೆ ಒಂದು ಕಪ್ಪು ಎತ್ತಿದ್ದೆವು. ಹತ್ತು ನಿಮಿಷವೂ ಹಿಡಿದಿರಲಿಲ್ಲ. ಕಪ್ಪು ಕಣ್ಣ ಮುಂದೆ ಒದ್ದೆಯಾಗಿ ಹೊಳೆಯುತ್ತ ನಿಂತಿದೆ. ಇನ್ನೇನು ಬಾಕಿ ಅನ್ನುವುದು ಅವಳ ಪ್ರಶ್ನೆ. "ಮೂರು ವಾರ ಬಿಟ್ಟು ಬಾ ಪುಟ್ಟಿ" ಅಂದೆ. ಮುಖ ಸಪ್ಪಗಾಯಿತು.

ದೊಡ್ಡವರೂ ಇದನ್ನೇ ಬೇರೆ ಥರ ಕೇಳುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಇಷ್ಟೊಂದು ದುಡ್ಡಾ ಅಂತ. ಎಲ್ಲರೂ ನೋಡಿರುವುದು ವೀಲ್ ತಿರುಗುವ ವಿಡಿಯೊಗಳನ್ನೇ. ಹಾಗನಿಸುವುದು ಸಹಜ. ಆದರೆ ವೀಲ್ ಮೇಲೆ ಸಿಗುವುದು ಆಕಾರ ಮಾತ್ರ. ಆಮೇಲಿನ ದಿನಗಳಲ್ಲೆಲ್ಲ ನಾವು ಮುಖ್ಯವಾಗಿ ಮಾಡುವುದು ಒಂದೇ ಕೆಲಸ: ಮಣ್ಣಿನೊಳಗಿನ ನೀರನ್ನು ಹೊರಗೆ ಕಳಿಸುವುದು. ಅವಸರ ಮಾಡದೆ, ಎಲ್ಲ ಕಡೆಯಿಂದಲೂ ಸಮನಾಗಿ ಹೋಗುವಂತೆ ನೋಡಿಕೊಳ್ಳುವುದು. ಈ ನೀರಿನ ಲೆಕ್ಕ ಹಿಡಿದು ಹೋದರೆ ಇಡೀ ಕೆಲಸ ಅರ್ಥವಾಗುತ್ತದೆ. ಆ ಹುಡುಗಿಯ ಕಪ್ಪಿನ ಹಿಂದೆಯೇ ಹೋಗೋಣ.

ಬಂಡೆಯಿಂದ ಜೇಡಿಗೆ

ಜೇಡಿಮಣ್ಣು ಒಂದು ಕಾಲದಲ್ಲಿ ಬಂಡೆ. ಗ್ರಾನೈಟ್‌ನಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಧಾರಾಳವಾಗಿ ಇರುತ್ತದೆ. ಲಕ್ಷಾಂತರ ವರ್ಷ ಮಳೆನೀರು ಅದರ ಮೇಲೆ ಕೆಲಸ ಮಾಡುತ್ತದೆ. ಕೆಲವು ಅಂಶ ತೊಳೆದು ಹೋಗುತ್ತವೆ, ನೀರಿನ ಒಂದು ಪಾಲು ಖನಿಜದೊಳಗೇ ಸೇರಿಕೊಳ್ಳುತ್ತದೆ. ಉಳಿಯುವುದು ಜೇಡಿ. ಸೇರಿಕೊಂಡ ಆ ನೀರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜೇಡಿಯ ಕಣಗಳು ತೀರಾ ಸಣ್ಣ, ತೀರಾ ತೆಳ್ಳಗಿನ ಬಿಲ್ಲೆಗಳು. ನಡುವೆ ನೀರಿನ ಪದರ ಇರುತ್ತದೆ. ತೊಳೆದ ಎರಡು ಸ್ಟೀಲ್ ತಟ್ಟೆ ಒಂದರ ಮೇಲೊಂದು ಕೂತರೆ ಏನಾಗುತ್ತದೆ? ಪಕ್ಕಕ್ಕೆ ತಳ್ಳಿದರೆ ಸಲೀಸಾಗಿ ಜಾರುತ್ತವೆ. ಎಳೆದು ಬಿಡಿಸಲು ಹೋದರೆ ಬರುವುದೇ ಇಲ್ಲ, ಅಲ್ವಾ? ಜೇಡಿ ಮಾಡುವುದೂ ಅದನ್ನೇ. ಒತ್ತಿದಾಗ ಬಿಲ್ಲೆಗಳು ಜಾರಿ ಹೊಸ ಜಾಗಕ್ಕೆ ಹೋಗುತ್ತವೆ, ಅಲ್ಲೇ ಅಂಟಿ ನಿಲ್ಲುತ್ತವೆ. ಮರಳಿನಲ್ಲಿ ಇಂಥ ಬಿಲ್ಲೆಗಳಿಲ್ಲ. ಅದಕ್ಕೇ ಮರಳಿನ ಮನೆ ಒಣಗಿದ ಕೂಡಲೇ ಉದುರುತ್ತದೆ.

ನಮ್ಮ ಊರುಗಳ ಕುಂಬಾರರು ತೆಗೆಯುವುದು ಕೆರೆಯಂಗಳದ ಮಣ್ಣು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸುಟ್ಟರೆ ಕೆಂಪಾಗುತ್ತದೆ. ಸೌದೆ, ಹುಲ್ಲು, ಬೆರಣಿ ಹಾಕಿದ ಆವಿಗೆಯಲ್ಲಿ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಗಟ್ಟಿಯಾಗುತ್ತದೆ. ಸುಟ್ಟ ಮೇಲೂ ಮೈಯೆಲ್ಲ ಸಣ್ಣ ಸಣ್ಣ ರಂಧ್ರ. ನೀರು ಮೆಲ್ಲಗೆ ಜಿನುಗಿ ಹೊರಮೈಯಲ್ಲಿ ಆರುತ್ತದೆ. ಆರುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಹೂಜಿಯ ನೀರು ತಣ್ಣಗಿರುವುದು ಹೀಗೆ. ಹೂಜಿಗೆ ಇದು ದೊಡ್ಡ ಗುಣ, ಕಾಫಿ ಕಪ್ಪಿಗೆ ದೋಷ. ಹಾಲು, ಡಿಕಾಕ್ಷನ್ ಎಲ್ಲ ಆ ರಂಧ್ರಗಳಲ್ಲಿ ಕೂತು ವಾಸನೆ ಬರುತ್ತದೆ.

ಸ್ಟುಡಿಯೊಗಳಲ್ಲಿ ಕಪ್ಪು, ತಟ್ಟೆ, ಬಟ್ಟಲಿಗೆ ಹೆಚ್ಚಾಗಿ ಬಳಸುವುದು ಸ್ಟೋನ್‌ವೇರ್ ಮಣ್ಣು. ಹೆಸರು ಹೊಸದಾಗಿ ಕೇಳಿಸಬಹುದು, ವಸ್ತು ಹೊಸದಲ್ಲ. ಅಜ್ಜಿ ಮನೆಯ ಉಪ್ಪಿನಕಾಯಿ ಭರಣಿ ನೆನಪಿದೆಯಾ? ಮೇಲೆ ಕಂದು, ಕೆಳಗೆ ಬಿಳಿ, ಎತ್ತಿದರೆ ಭಾರ. ಅದೇ ಸ್ಟೋನ್‌ವೇರ್. ವರ್ಷಗಟ್ಟಲೆ ಉಪ್ಪು, ಹುಳಿ, ಎಣ್ಣೆ ತುಂಬಿಟ್ಟರೂ ಒಳಗೆ ಎಳೆದುಕೊಳ್ಳುವುದಿಲ್ಲ. ಜೇಡಿಗೆ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಪುಡಿ ಬೆರೆಸಿ 1200 ಡಿಗ್ರಿ ದಾಟಿಸಿ ಸುಡುತ್ತಾರೆ. ಕೆರೆ ಮಣ್ಣನ್ನು ಅಷ್ಟು ಶಾಖಕ್ಕೆ ಒಯ್ದರೆ ಬಹುಮಟ್ಟಿಗೆ ಉಬ್ಬಿ, ಸೊಟ್ಟಗಾಗಿ, ಕುಸಿದು ಕೂರುತ್ತದೆ. ಅದಕ್ಕೇ ಯಾವ ಮಣ್ಣಿಗೆ ಯಾವ ಬೆಂಕಿ ಅನ್ನುವುದು ಮೊದಲೇ ತೀರ್ಮಾನವಾಗಬೇಕು.

ದಕ್ಷಿಣ ಭಾರತದ ಸ್ಟುಡಿಯೊಗಳಿಗೆ ಈ ದಾರಿ ತೋರಿಸಿದ್ದರಲ್ಲಿ ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯ ಪಾಲು ದೊಡ್ಡದು. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಅದನ್ನು ಶುರು ಮಾಡಿದರು. ಅಲ್ಲಿ ಕಲಿತವರು ಎಷ್ಟೋ ಊರುಗಳಲ್ಲಿ ತಮ್ಮದೇ ಸ್ಟುಡಿಯೊ ಕಟ್ಟಿಕೊಂಡಿದ್ದಾರೆ.

ತಿಗರಿಯ ಮೇಲೆ

ಮಣ್ಣನ್ನು ಮೊದಲು ನಾದಬೇಕು. ಚಪಾತಿ ಹಿಟ್ಟು ನಾದಿದ ಹಾಗೆಯೇ ಕಾಣುತ್ತದೆ, ಉದ್ದೇಶ ಬೇರೆ. ಹಿಟ್ಟನ್ನು ಮಡಚುತ್ತೇವೆ. ಮಣ್ಣನ್ನು ಮಡಚಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಅಂಗೈಯ ಬುಡದಿಂದ ಒತ್ತಿ, ತುಸು ತಿರುಗಿಸಿ, ಮತ್ತೆ ಒತ್ತಬೇಕು. ಮುದ್ದೆಯ ಒಂದು ಕಡೆ ಒದ್ದೆ, ಇನ್ನೊಂದು ಕಡೆ ಒಣ ಇರಬಾರದು. ಅಕ್ಕಿ ಹಿಟ್ಟಿನಿಂದ ಹಿಡಿದು ಬೆಲ್ಲದ ಪಾಕದವರೆಗೆ ನಾವು ಹದ ಅನ್ನುತ್ತೇವಲ್ಲ, ಅದೇ ಇಲ್ಲೂ. ನಾದಿದ ಮಣ್ಣಿನ ತೂಕದಲ್ಲಿ ಐದನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ನೀರೇ ಇರುತ್ತದೆ.

ಹುಡುಗಿಯ ಕಪ್ಪಿಗೆ 400 ಗ್ರಾಂ ಉಂಡೆ ತೆಗೆದುಕೊಂಡೆವು. ವೀಲ್ ನಟ್ಟನಡುವೆ ಅದನ್ನು ಒಗೆದು ಅಂಟಿಸಿದೆವು. ಆಮೇಲೆ ಬರುವುದೇ ಸೆಂಟರಿಂಗ್, ಕಲಿಯಲು ಬಂದವರನ್ನು ವಾರಗಟ್ಟಲೆ ಕಾಡುವ ಹಂತ. ಉಂಡೆ ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಪ್ರತಿ ಸುತ್ತಿಗೆ ಕೈಯನ್ನು ಒಮ್ಮೆ ತಳ್ಳುತ್ತದೆ. ಕೈ ಅದರ ಜೊತೆ ಅಲ್ಲಾಡಿದರೆ ಮಣ್ಣು ಗೆದ್ದಿತು. ಮೊಣಕೈಯನ್ನು ತೊಡೆಗೆ ಊರಿ, ಉಸಿರು ಬಿಟ್ಟು, ಅಂಗೈಯನ್ನು ಗೋಡೆಯ ಹಾಗೆ ನಿಲ್ಲಿಸಬೇಕು. ಒಂದು ಗಳಿಗೆಯಲ್ಲಿ ತಳ್ಳುವುದು ನಿಲ್ಲುತ್ತದೆ. ಮಣ್ಣು ತಿರುಗುತ್ತಿದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ. ಅಂಗೈಯ ಕೆಳಗೆ ಒದ್ದೆ ನುಣುಪು ಮಾತ್ರ. ಆ ಹುಡುಗಿ ಆಗ "ನಿಂತೋಯ್ತು!" ಅಂದಳು. ವೀಲ್ ಜೋರಾಗಿ ತಿರುಗುತ್ತಲೇ ಇತ್ತು.

ನಂತರ ಹೆಬ್ಬೆರಳಿನಿಂದ ನಡುವೆ ಗುಳಿ. ತಳವನ್ನು ಬೆರಳಿನಿಂದ ನಡುವಿಗೆ ಚೆನ್ನಾಗಿ ಒತ್ತಬೇಕು. ಇದನ್ನು ಮರೆತರೆ ಆ ದಿನ ಏನೂ ಕಾಣುವುದಿಲ್ಲ. ಒಣಗಿದ ಮೇಲೋ ಸುಟ್ಟ ಮೇಲೋ ತಳದಲ್ಲಿ ಹಾವಿನ ಹಾಗೆ ಬಳುಕಿದ ಬಿರುಕು ಬರುತ್ತದೆ. ಆಮೇಲೆ ಗೋಡೆ ಎತ್ತುವುದು: ಒಳಗೊಂದು ಬೆರಳು, ಹೊರಗೊಂದು ಬೆರಳು, ನಡುವೆ ಮಣ್ಣು. ಕೆಳಗಿನಿಂದ ಮೇಲಕ್ಕೆ ಮೂರು ಸಲ. ಕೈ ಜಾರಲು ನೀರು ಬೇಕು. ಆದರೆ ಜಾಸ್ತಿ ಹಾಕಿದರೆ ಗೋಡೆ ಮೆತ್ತಗಾಗಿ ಕುಸಿಯುತ್ತದೆ. ತಳದಲ್ಲಿ ನಿಂತ ನೀರನ್ನು ಸ್ಪಂಜಿನಲ್ಲಿ ಆಗಾಗ ತೆಗೆಯಬೇಕು. ಕೊನೆಗೆ ದಾರದಿಂದ ತಳ ಕೊಯ್ದು ಹಲಗೆಗೆ ಎತ್ತಿಡುವುದು.

ನಮ್ಮದು ಮೋಟಾರಿನ ವೀಲ್. ಊರಿನ ತಿಗರಿ ಭಾರದ ಚಕ್ರ. ಕೋಲಿನಿಂದ ಜೋರಾಗಿ ತಿರುಗಿಸಿ ಬಿಟ್ಟರೆ ಆ ಭಾರಕ್ಕೇ ಬಹಳ ಹೊತ್ತು ಓಡುತ್ತದೆ. ಕುಂಬಾರರು ಕೊಡದ ಬಾಯಿ, ಕತ್ತನ್ನು ತಿಗರಿಯಲ್ಲಿ ತೀಡಿ, ಹೊಟ್ಟೆಯನ್ನು ಆಮೇಲೆ ಹಿಗ್ಗಿಸುತ್ತಾರೆ. ಒಳಗೊಂದು ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾ ತಟ್ಟುತ್ತಾ. ಅಷ್ಟು ದೊಡ್ಡ ಕೊಡ ಅಷ್ಟು ಹಗುರಾಗಿರುವುದು ಆ ತಟ್ಟುವಿಕೆಯಿಂದ. ಕುಂಬಾರ ಗುಂಡಯ್ಯ ಮಡಕೆ ತಟ್ಟುವ ತಾಳಕ್ಕೆ ಶಿವ ಕುಣಿದ ಅನ್ನುವ ಕತೆ ನಮ್ಮಲ್ಲಿದೆ. ಒಮ್ಮೆ ಹತ್ತಿರ ಕೂತು ಆ ಸದ್ದು ಕೇಳಿದವರಿಗೆ ಕತೆ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಇಷ್ಟು ವರ್ಷ ವೀಲ್ ಮೇಲೆ ಕೂತರೂ ನನಗೆ ಆ ವಿದ್ಯೆ ಕೈಗೆ ಹತ್ತಿಲ್ಲ.

ಒಣಗುವ ದಿನಗಳು

ಈಗ ನೀರಿನ ಕೆಲಸ ಶುರು. ಮೊದಲು ಹೋಗುವುದು ಬಿಲ್ಲೆಗಳ ನಡುವಿನ ನೀರು. ಅದು ಹೋದಷ್ಟೂ ಬಿಲ್ಲೆಗಳು ಹತ್ತಿರ ಬರುತ್ತವೆ, ಕಪ್ಪು ಕುಗ್ಗುತ್ತದೆ. ಕುಗ್ಗುವುದು ತೊಂದರೆಯಲ್ಲ. ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನ ಕುಗ್ಗಿದರೆ ತೊಂದರೆ. ಅಂಚು ತೆಳ್ಳಗಿದೆ, ಗಾಳಿಗೆ ಬೇಗ ಒಣಗುತ್ತದೆ. ತಳ ದಪ್ಪ, ಹಲಗೆಗೆ ಅಂಟಿಕೊಂಡಿದೆ. ಈ ಜಗ್ಗಾಟದಲ್ಲಿ ಬಿರುಕು ಹುಟ್ಟುತ್ತದೆ. ಅದಕ್ಕೇ ಕಪ್ಪನ್ನು ಬೋರಲು ಹಾಕುತ್ತೇವೆ, ಪ್ಲಾಸ್ಟಿಕ್ ಹಾಳೆ ಹೊದಿಸುತ್ತೇವೆ, ದಿನಕ್ಕೆ ಸ್ವಲ್ಪ ಸ್ವಲ್ಪ ತೆರೆಯುತ್ತೇವೆ. ಫ್ಯಾನ್ ಹಾಕುವುದಿಲ್ಲ, ಬಿಸಿಲಿಗೆ ಇಡುವುದಿಲ್ಲ.

ಒಂದು ದಿನ ಕಳೆದ ಮೇಲೆ ಕಪ್ಪು ಚಪ್ಪಲಿಯ ಚರ್ಮದ ಹದಕ್ಕೆ ಬರುತ್ತದೆ. ಸ್ಟುಡಿಯೊದಲ್ಲಿ ಎಲ್ಲರೂ ಇದನ್ನು ಲೆದರ್ ಹಾರ್ಡ್ ಅಂತಲೇ ಕರೆಯುತ್ತಾರೆ. ಕೈಯಲ್ಲಿ ಹಿಡಿದರೆ ಆಕಾರ ಕೆಡುವುದಿಲ್ಲ, ಉಗುರು ಊರಿದರೆ ಗೆರೆ ಬೀಳುತ್ತದೆ. ಈ ಹದ ಕೆಲವು ಗಂಟೆ ಮಾತ್ರ. ಅಷ್ಟರೊಳಗೆ ಮತ್ತೆ ವೀಲ್ ಮೇಲೆ ಬೋರಲು ಇಟ್ಟು, ತಳದ ದಪ್ಪ ಮಣ್ಣನ್ನು ಉಳಿಯಂಥ ಉಪಕರಣದಿಂದ ಹೆರೆಯಬೇಕು. ಕೊಬ್ಬರಿ ತುರಿಯ ಹಾಗೆ ಮಣ್ಣು ಸುರುಳಿ ಸುರುಳಿಯಾಗಿ ಹಾರುತ್ತದೆ. ಹಿಡಿಕೆ ಕೂರಿಸುವುದೂ ಆಗಲೇ. ಎರಡೂ ಕಡೆ ಗೀರಿ, ಗಂಜಿಯಷ್ಟು ತೆಳ್ಳಗಿನ ಮಣ್ಣು ಹಚ್ಚಿ, ಒತ್ತಿ ಹಿಡಿಯಬೇಕು. ಹಿಡಿಕೆ ಮತ್ತು ಕಪ್ಪು ಒಂದೇ ಹದದಲ್ಲಿ ಇರಲೇಬೇಕು. ಒದ್ದೆ ಹಿಡಿಕೆಯನ್ನು ಒಣ ಕಪ್ಪಿಗೆ ಅಂಟಿಸಿದರೆ ಹಿಡಿಕೆ ಮಾತ್ರ ಕುಗ್ಗುತ್ತದೆ, ಕೀಲಿನಲ್ಲಿ ಬಿಟ್ಟುಕೊಳ್ಳುತ್ತದೆ.

ಬಿಲ್ಲೆಗಳು ಒಂದಕ್ಕೊಂದು ತಾಗಿದ ಮೇಲೆ ಕುಗ್ಗುವುದು ನಿಲ್ಲುತ್ತದೆ. ಸಂದುಗಳಲ್ಲಿ ಉಳಿದದ್ದು ಎರಡನೇ ನೀರು. ಅದು ಹೋಗುವಾಗ ಆಕಾರ ಬದಲಾಗುವುದಿಲ್ಲ, ಬಣ್ಣ ತಿಳಿಯಾಗುತ್ತದೆ. ಕೆನ್ನೆಗೆ ತಾಗಿಸಿದರೆ ತಣ್ಣಗಿದೆಯಾ? ಇನ್ನೂ ನೀರಿದೆ ಅಂತ ಅರ್ಥ. ಬೇಸಿಗೆಯಲ್ಲಿ ಇಷ್ಟಕ್ಕೆ ಒಂದು ವಾರ, ಮಳೆಗಾಲದಲ್ಲಿ ಎರಡು ವಾರವೂ ಹಿಡಿಯುತ್ತದೆ.

ಈ ಹಂತದ ಕಪ್ಪನ್ನು ಬಕೆಟ್ ನೀರಿಗೆ ಹಾಕಿ ನೋಡಿ. ಬುಳುಬುಳು ಗುಳ್ಳೆ ಎದ್ದು, ಪದರ ಪದರವಾಗಿ ಬಿಚ್ಚಿ, ಸ್ವಲ್ಪ ಹೊತ್ತಿನಲ್ಲೇ ಕೆಸರಾಗುತ್ತದೆ. ಸುಡದ ಮಣ್ಣು ಎಷ್ಟು ಒಣಗಿದರೂ ಮಣ್ಣೇ. ಬಿರುಕು ಬಿಟ್ಟ ಕಪ್ಪು, ಹೆರೆದ ಚೂರು ಎಲ್ಲವನ್ನೂ ನಾವು ಹೀಗೆ ನೆನೆಸಿ, ಪ್ಲಾಸ್ಟರ್ ಹಲಗೆ ಮೇಲೆ ಹರಡಿ, ಮತ್ತೆ ನಾದುತ್ತೇವೆ. ಸುಟ್ಟ ಮೇಲೆ ಆ ದಾರಿ ಮುಚ್ಚುತ್ತದೆ.

ಮೊದಲ ಬೆಂಕಿ

ನಮ್ಮದು ಕರೆಂಟಿನ ಕಿಲ್ನ್, ಅಂದರೆ ಮಣ್ಣು ಸುಡುವ ಗೂಡು. ಒಳಗೆ ಇಟ್ಟಿಗೆಯ ಗೋಡೆ, ಗೋಡೆಯ ಕಾಲುವೆಗಳಲ್ಲಿ ಕಾಯಿಲ್. ಮೊದಲ ಸುಡುವಿಕೆಗೆ ಬಿಸ್ಕ್ ಅನ್ನುತ್ತಾರೆ, ಸುಮಾರು 950 ಡಿಗ್ರಿವರೆಗೆ. ಒಣಗಿದ ಹಾಗೆ ಕಂಡರೂ ಕಪ್ಪಿನಲ್ಲಿ ಇನ್ನೂ ಚೂರು ನೀರಿರುತ್ತದೆ. ಅದಕ್ಕೆ ರಾತ್ರಿಯಿಡೀ 80–90 ಡಿಗ್ರಿಯಲ್ಲೇ ಇಡುತ್ತೇವೆ. ಬೆಳಿಗ್ಗೆ ಕಿಲ್ನಿನ ತೂತಿನ ಎದುರು ಒಂದು ಸಣ್ಣ ಕನ್ನಡಿ ಹಿಡಿಯುತ್ತೇವೆ. ಮಂಜು ಕಟ್ಟಿದರೆ ಇನ್ನೂ ಕಾಯಬೇಕು.

ಕಾಯದೆ ಹೋದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಆಷಾಢದಲ್ಲಿ, ಮೇಳಕ್ಕೆ ದಿನ ಹತ್ತಿರ ಬಂತು ಅಂತ, ದಪ್ಪ ಕಾಲಿನ ಒಂದು ಮಣ್ಣಿನ ಆನೆಯನ್ನು ಅವಸರದಲ್ಲಿ ಕಿಲ್ನಿಗೆ ಇಟ್ಟೆ. ಶಾಖ ಏರುತ್ತಿದ್ದಂತೆ ಒಳಗಿಂದ ಪಟಾಕಿಯಂಥ ಸದ್ದು ಬಂತು. ಮರುದಿನ ತೆರೆದಾಗ ಆನೆ ಇದ್ದ ಜಾಗದಲ್ಲಿ ಚೂರುಗಳ ರಾಶಿ. ಪಕ್ಕದ ಹನ್ನೊಂದು ಬಟ್ಟಲು ಒಡೆದಿದ್ದವು. ಅದರಲ್ಲಿ ಆರು ನನ್ನ ವಿದ್ಯಾರ್ಥಿಗಳದ್ದು. ಅವರಿಗೆ ಫೋನ್ ಮಾಡಿ ಹೇಳಿದ್ದು ನನಗೆ ಇವತ್ತಿಗೂ ನೋವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಅವತ್ತು ಆ ದೊಣ್ಣೆ ನೀರು.

ಗಾಳಿಗುಳ್ಳೆ ಇದ್ದರೆ ಮಡಕೆ ಸಿಡಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಬರೀ ಗಾಳಿ ಅಷ್ಟು ಕೆಟ್ಟದ್ದಲ್ಲ. ಸಿಡಿಸುವುದು ನೀರು. ದ್ರವ ಆವಿಯಾದಾಗ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ದಪ್ಪ ಗೋಡೆಯಿಂದ ಅದು ಬೇಗ ಹೊರಬರಲು ಆಗದಿದ್ದರೆ ಗೋಡೆಯನ್ನೇ ಒಡೆದು ಬರುತ್ತದೆ.

ಇನ್ನು ಮೂರನೇ ನೀರು, ಬಂಡೆ ಜೇಡಿಯಾಗುವಾಗ ಖನಿಜದೊಳಗೇ ಸೇರಿಕೊಂಡಿತ್ತಲ್ಲ, ಅದು. ಶುದ್ಧ ಚೀನಾ ಜೇಡಿಯ ತೂಕದಲ್ಲಿ ನೂರಕ್ಕೆ ಸುಮಾರು 14 ಪಾಲು ಈ ನೀರೇ. ಎಷ್ಟು ಬಿಸಿಲಿಗೆ ಇಟ್ಟರೂ ಇದು ಹೋಗುವುದಿಲ್ಲ. ಸುಮಾರು 450ರಿಂದ 600 ಡಿಗ್ರಿ ನಡುವೆ ಬಿಟ್ಟು ಹೊರಡುತ್ತದೆ. ಆ ಕ್ಷಣದಿಂದ ಜೇಡಿ ಜೇಡಿಯಾಗಿ ಉಳಿಯುವುದಿಲ್ಲ. ಬಕೆಟ್‌ಗೆ ಹಾಕಿದರೂ ಕರಗುವುದಿಲ್ಲ. ಇದೇ ಹೊತ್ತಿನಲ್ಲಿ ಇನ್ನೊಂದು ಎಚ್ಚರ ಬೇಕು. 573 ಡಿಗ್ರಿಯಲ್ಲಿ ಬೆಣಚಿನ ಹರಳುಗಳು ಒಮ್ಮೆಲೇ ಹಿಗ್ಗುತ್ತವೆ, ತಣಿಯುವಾಗ ಅಲ್ಲೇ ಕುಗ್ಗುತ್ತವೆ. ಆ ಜಾಗದಲ್ಲಿ ಅವಸರ ಮಾಡಿದರೂ ಬಿರುಕು. ಹಾಗಾಗಿ 600 ಡಿಗ್ರಿ ದಾಟುವವರೆಗೆ ಗಂಟೆಗೆ 100 ಡಿಗ್ರಿಗಿಂತ ಜಾಸ್ತಿ ಏರಿಸುವುದಿಲ್ಲ. ಸುಡಲು ಒಂದು ದಿನ, ತಣಿಯಲು ಇನ್ನೊಂದು ದಿನ.

ಗ್ಲೇಜ್ ಅಂದರೆ ಗಾಜು

ಬಿಸ್ಕ್ ಆದ ಕಪ್ಪು ತಿಳಿ ಗುಲಾಬಿ ಬಣ್ಣ, ಮೈಯೆಲ್ಲ ರಂಧ್ರ. ನಾಲಿಗೆ ತಾಗಿಸಿದರೆ ಅಂಟಿಕೊಳ್ಳುತ್ತದೆ. ಈ ಬಾಯಾರಿಕೆಯೇ ನಮಗೆ ಬೇಕು. ಗ್ಲೇಜ್ ಅಂದರೆ ಕಲ್ಲಿನ ಪುಡಿಗಳನ್ನು ನೀರಿನಲ್ಲಿ ಕದಡಿದ್ದು, ಕೆನೆ ಹಾಲಿನಷ್ಟು ದಪ್ಪ. ಕಪ್ಪನ್ನು ಅದರಲ್ಲಿ ಮೂರು ಸೆಕೆಂಡು ಮುಳುಗಿಸಿ ತೆಗೆದರೆ ಸಾಕು. ಕಪ್ಪಿನ ಮೈ ನೀರನ್ನು ಹೀರಿಕೊಳ್ಳುತ್ತದೆ, ಪುಡಿ ಹೊರಗೆ ಪದರವಾಗಿ ಕೂರುತ್ತದೆ. ಎತ್ತುವಷ್ಟರಲ್ಲಿ ಹೊಳಪು ಆರಿ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತು ದಿನ ಕಷ್ಟಪಟ್ಟು ಹೊರಗೆ ಕಳಿಸಿದ ನೀರನ್ನೇ ಮತ್ತೆ ಕರೆದು ಕೆಲಸ ಮಾಡಿಸಿಕೊಂಡ ಹಾಗೆ. ತಳದಲ್ಲಿ ಮಾತ್ರ ಗ್ಲೇಜ್ ಪೂರ್ತಿ ಒರೆಸಬೇಕು. ಇಲ್ಲದಿದ್ದರೆ ಕಪ್ಪು ಕಿಲ್ನಿನ ಹಲಗೆಗೆ ಬೆಸೆದುಕೊಳ್ಳುತ್ತದೆ.

ಗಾಜಿಗೆ ಮೂಲ ಸಿಲಿಕ, ಅಂದರೆ ಬೆಣಚು. ಅದೊಂದೇ ಕರಗಬೇಕಾದರೆ 1,700 ಡಿಗ್ರಿ ದಾಟಬೇಕು. ಸಣ್ಣ ಕಿಲ್ನಿನಲ್ಲಿ ಅದು ಆಗದ ಮಾತು. ಅದಕ್ಕೆ ಫೆಲ್ಡ್‌ಸ್ಪಾರ್, ಸುಣ್ಣದ ಕಲ್ಲಿನ ಪುಡಿ, ಕೆಲವರು ಸೌದೆಯ ಬೂದಿ ಬೆರೆಸುತ್ತಾರೆ. ಇವು ಜೊತೆಗಿದ್ದರೆ 1200ರ ಆಸುಪಾಸಿನಲ್ಲೇ ಎಲ್ಲ ಕರಗುತ್ತದೆ. ಕರಗಿದ್ದು ಪಾಕದ ಹಾಗೆ ಕೆಳಗೆ ಸುರಿದು ಹೋಗಬಾರದು. ಅದಕ್ಕೆ ಸ್ವಲ್ಪ ಜೇಡಿ ಬೇಕು, ಅದರಲ್ಲಿರುವ ಅಲ್ಯುಮಿನ ಗಾಜನ್ನು ಹಿಡಿದು ನಿಲ್ಲಿಸುತ್ತದೆ.

ಬಣ್ಣ ಬರುವುದು ಲೋಹಗಳಿಂದ. ಕೋಬಾಲ್ಟ್‌ಗೆ ನೀಲಿ. ಕಬ್ಬಿಣಕ್ಕೆ ಜೇನಿನ ಬಣ್ಣದಿಂದ ಕಡುಗಪ್ಪಿನವರೆಗೆ. ತಾಮ್ರಕ್ಕೆ ಹಸಿರು. ಇದು ಗಾಳಿ ಚೆನ್ನಾಗಿ ಆಡುವ ಕಿಲ್ನಿನ ಮಾತು. ಗ್ಯಾಸ್ ಅಥವಾ ಸೌದೆಯ ಕಿಲ್ನಿನಲ್ಲಿ ಗಾಳಿ ಕಡಿಮೆ ಮಾಡಿದರೆ ಬೆಂಕಿಗೆ ಆಮ್ಲಜನಕ ಸಾಲದು, ಅದು ಗ್ಲೇಜಿನಲ್ಲಿರುವ ಲೋಹದಿಂದಲೇ ಕಿತ್ತುಕೊಳ್ಳುತ್ತದೆ. ಆಗ ಅದೇ ತಾಮ್ರ ರಕ್ತಗೆಂಪು, ಅದೇ ಕಬ್ಬಿಣ ಎಳೆಯ ಹಸಿರು. ನಮ್ಮ ಕುಂಬಾರರು ಆವಿಗೆಯ ಬಾಯಿ ಮುಚ್ಚಿ ಹೊಗೆ ಕೂಡಿಸಿ ಮಡಕೆಯನ್ನು ಕಪ್ಪಾಗಿಸುವುದೂ ಗಾಳಿ ತಡೆಯುವ ಈ ವಿದ್ಯೆಯೇ.

ಎರಡನೇ ಸುಡುವಿಕೆಯನ್ನು ನಾವು ಸುಮಾರು 1,220 ಡಿಗ್ರಿಗೆ ಒಯ್ಯುತ್ತೇವೆ. ಮೀಟರ್ ಇದ್ದರೂ ಅದೊಂದನ್ನೇ ನಂಬುವುದಿಲ್ಲ. ಎಷ್ಟು ಶಾಖ ಅನ್ನುವುದರ ಜೊತೆ ಎಷ್ಟು ಹೊತ್ತು ಅನ್ನುವುದೂ ಮುಖ್ಯ. ಅದಕ್ಕೆ ಕೋನ್ ಇಡುತ್ತೇವೆ. ಗ್ಲೇಜಿನಂಥದ್ದೇ ಪುಡಿಯಿಂದ ಮಾಡಿದ ಬೆರಳುದ್ದದ ಕಡ್ಡಿ ಅದು. ಬೇಕಾದಷ್ಟು ಬೆಂದಾಗ ಮೆಲ್ಲಗೆ ಬಾಗುತ್ತದೆ. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ಇದನ್ನು ರೂಪಿಸಿದ. ಕಪ್ಪು ಕನ್ನಡಕ ಹಾಕಿಕೊಂಡು ತೂತಿನಲ್ಲಿ ಇಣುಕಿದರೆ, ಕಿತ್ತಳೆ ಬೆಳಕಿನ ನಡುವೆ ಅದು ತಲೆ ತಗ್ಗಿಸುವುದು ಕಾಣುತ್ತದೆ. ಆ ಹೊತ್ತಿಗೆ ಕಪ್ಪಿನ ಮೈಯೊಳಗೂ ಫೆಲ್ಡ್‌ಸ್ಪಾರ್ ಕರಗಿ ರಂಧ್ರಗಳಿಗೆ ತುಂಬಿಕೊಂಡಿರುತ್ತದೆ. ಭರಣಿಯ ಗುಟ್ಟು ಇದೇ. ಇನ್ನು ಆ ಮೈಗೆ ನೀರು ಹೋಗುವುದಿಲ್ಲ.

ಸ್ವಿಚ್ ಆರಿಸಿದ ಮೇಲೆ ಒಂದೂವರೆ ದಿನ ಸುಮ್ನೆ ಕೂರಬೇಕು. 100 ಡಿಗ್ರಿಗಿಂತ ಕೆಳಗೆ ಬರುವವರೆಗೆ ನಾನು ಮುಚ್ಚಳ ಮುಟ್ಟುವುದಿಲ್ಲ. ತೆರೆದಾಗ ಒಳಗಿಂದ ಟಿಣ್, ಟಿಣ್ ಅಂತ ಸಣ್ಣ ಸದ್ದು ಬಂದರೆ ಎದೆ ಝಲ್ಲೆನ್ನುತ್ತದೆ. ಗ್ಲೇಜ್ ಕಪ್ಪಿನ ಮೈಗಿಂತ ಜಾಸ್ತಿ ಕುಗ್ಗಿ, ಕೂದಲೆಳೆಯ ಬಿರುಕು ಬಿಡುತ್ತಿದೆ ಅಂತ ಅರ್ಥ. ನೋಡಲು ಚೆಂದ, ಊಟದ ಪಾತ್ರೆಗೆ ನನಗೆ ಒಪ್ಪಿಗೆಯಿಲ್ಲ. ಅವನ್ನು ಹೂವಿಡಲು ಇಟ್ಟುಕೊಳ್ಳುತ್ತೇವೆ.

ಮೂರು ವಾರ ಬಿಟ್ಟು ಹುಡುಗಿ ಬಂದಳು. ಕಪ್ಪು ಕೈಗೆ ಕೊಟ್ಟೆ. ತಿರುಗಿಸಿ ನೋಡಿ, "ಇದು ನಂದಲ್ಲ, ನಂದು ದೊಡ್ಡದಿತ್ತು" ಅಂದಳು. ಅವಳ ಕಣ್ಣು ಸರಿಯಾಗಿಯೇ ಅಳೆದಿತ್ತು. ಒಣಗುವಾಗ ಸ್ವಲ್ಪ, ಕೊನೆಯ ಬೆಂಕಿಯಲ್ಲಿ ಇನ್ನಷ್ಟು, ಒಟ್ಟು ನೂರಕ್ಕೆ ಸುಮಾರು 12 ಪಾಲು ನಮ್ಮ ಮಣ್ಣು ಕುಗ್ಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಅಷ್ಟು ಕುಗ್ಗಿದರೆ ಒಳಗಿನ ಜಾಗ ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. 200 ಮಿಲಿಲೀಟರ್ ಕಪ್ಪು ಬೇಕಿದ್ದರೆ ವೀಲ್ ಮೇಲೆ 290ರಷ್ಟು ಹಿಡಿಯುವ ಹಾಗೆ ಎತ್ತಬೇಕು.

ಕೈಯಿಂದ ಮಾಡಿದ ಪಾತ್ರೆ ಕೊಳ್ಳುವಾಗ ನೀವೂ ಮೂರು ಪರೀಕ್ಷೆ ಮಾಡಬಹುದು. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವುದು ಸುಮ್ಮನೆ ಅಲ್ಲ. ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಮಂದ ಸದ್ದು ಬಂದರೆ ಎಲ್ಲೋ ಸೀಳಿದೆ ಅಥವಾ ಬೆಂದಿಲ್ಲ. ಗ್ಲೇಜ್ ಮೇಲೆ ನಿಂಬೆಹಣ್ಣಿನ ಹೋಳು ರಾತ್ರಿಯಿಡೀ ಇಡಿ. ಆ ಜಾಗದ ಬಣ್ಣವೋ ಹೊಳಪೋ ಬದಲಾದರೆ ಹುಳಿ, ಸಾರು, ಉಪ್ಪಿನಕಾಯಿಗೆ ಅದನ್ನು ಬಳಸಬೇಡಿ. ಸೀಸ ಹಾಕಿದ ಗ್ಲೇಜ್ ಊಟದ ಪಾತ್ರೆಗೆ ಬೇಡವೇ ಬೇಡ. ಮಾಡಿದವರನ್ನು ನೇರವಾಗಿ ಕೇಳಿ, ಅವರಿಗೆ ತಮ್ಮ ಗ್ಲೇಜಿನಲ್ಲಿ ಏನಿದೆ ಅಂತ ಗೊತ್ತಿರಬೇಕು. ಮೂರನೆಯದು ತೀರಾ ಸುಲಭ. ಕಪ್ಪಿಗೆ ನೀರು ತುಂಬಿ ಹಳೇ ಪತ್ರಿಕೆಯ ಮೇಲೆ ರಾತ್ರಿ ಇಡುವುದು.

ಅದನ್ನು ತಾನೇ ಮಾಡುತ್ತೇನೆ ಅಂತ ಹುಡುಗಿ ಹಟ ಹಿಡಿದು ಕಪ್ಪನ್ನು ಒಯ್ದಳು. ಬೆಳಿಗ್ಗೆ ಅವರಮ್ಮ ಒಂದು ಫೋಟೊ ಕಳಿಸಿದರು. ಪತ್ರಿಕೆ ಒಣಗಿಯೇ ಇತ್ತು. ಕಪ್ಪಿನಲ್ಲಿ ನೀರಿರಲಿಲ್ಲ, ಅಂಚಿನವರೆಗೆ ಹಾಲಿತ್ತು.